ಅಪ್‌ಡೇಟ್: ನಮ್ಮ ರಾಜನಿಗೆ ಆಪರೇಷನ್ ಆಯಿತು

ಹತ್ತು ವರ್ಷದ ಲ್ಯಾಬ್ರಡಾರ್ ನಾಯಿ ರಾಜನಿಗೆ ಪ್ರಾಸ್ಟೇಟ್ (ಮೂತ್ರಕೋಶದ ಬಳಿಯ ಗ್ರಂಥಿ) ಊದಿದೆ, ಈ ವಯಸ್ಸಲ್ಲಿ ಬೀಜ ತೆಗೆಸೋದಾ ಬೇಡವಾ ಎಂದು ಕೇಳಿದ್ದೆ. ತೆಗೆಸಿದೆವು.

ನನಗಿದ್ದ ಭಯವೆಲ್ಲ ಅರಿವಳಿಕೆಯದ್ದೇ. ಡಾಕ್ಟರು ಮೊದಲು ರಕ್ತ ಪರೀಕ್ಷೆ, ಇಸಿಜಿ, ಎದೆಯ ಎಕ್ಸ್‌ರೇ ಮಾಡಿಸಿದರು. ಎಲ್ಲ ಸರಿಯಿತ್ತು. "ಬೀಜದ ಹಾರ್ಮೋನ್ ನಿಂತರೆ ಗ್ರಂಥಿ ತಾನಾಗೇ ಕುಗ್ಗುತ್ತದಮ್ಮ. ಬರೀ ಮಾತ್ರೆಯಾದರೆ, ನಿಲ್ಲಿಸಿದ ಮೇಲೆ ಮತ್ತೆ ಊದಬಹುದು" ಎಂದರು. ಅದಕ್ಕೇ ಒಪ್ಪಿದೆ.

ಆ ರಾತ್ರಿ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದ್ದೆ. ಎರಡು ಗಂಟೆಗೆ ತಲೆ ಎತ್ತಿ ನನ್ನ ಕೈ ನೆಕ್ಕಿದ. ಅಳುವೇ ಬಂತು.

ಈಗ ಐದು ವಾರ. ಮೂತ್ರದಲ್ಲಿ ರಕ್ತ ಇಲ್ಲ, ಕಕ್ಕಸಿಗೆ ತಿಣುಕೋದೂ ನಿಂತಿದೆ. ಸ್ಕ್ಯಾನ್‌ನಲ್ಲೂ ಊತ ಚೆನ್ನಾಗಿ ಇಳಿದಿದೆ. ಹಸಿವು ಮಾತ್ರ ಜಾಸ್ತಿ, ತೂಕ ಏರದಿರಲಿ ಅಂತ ಅನ್ನ ಕಡಿಮೆ ಮಾಡಿದ್ದೇವೆ.