7.1ಕ್ಕಿಂತ 6.2ರ ಭೂಕಂಪ ಜಾಸ್ತಿ ಹಾನಿ ಮಾಡಿದ್ದು ಹೇಗೆ?

ಪ್ರಶ್ನೆ:
ಒಂದು ವಿಷಯ ತಲೆಗೆ ಹತ್ತುತ್ತಿಲ್ಲ, ಗೊತ್ತಿದ್ದವರು ಬಿಡಿಸಿ ಹೇಳಿ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಹತ್ತಿರ 2010ರ ಸೆಪ್ಟೆಂಬರ್‌ನಲ್ಲಿ 7.1ರ ಭೂಕಂಪ ಆಯಿತು. ಕಟ್ಟಡ ಕುಸಿದು ಒಬ್ಬರೂ ಸಾಯಲಿಲ್ಲ. 2011ರ ಫೆಬ್ರವರಿಯಲ್ಲಿ ಅಲ್ಲೇ 6.2ರದ್ದು ಆಯಿತು, ಸತ್ತವರು 185 ಜನ. ಹಾಗಾದರೆ ಈ ರಿಕ್ಟರ್ ಸಂಖ್ಯೆ ಅಳೆಯುವುದಾದರೂ ಏನನ್ನು? ಇದನ್ನು ನೋಡಿಕೊಂಡು ಒಂದು ಜಾಗ ಎಷ್ಟು ಸುರಕ್ಷಿತ ಅಂತ ಹೇಳಬಹುದಾ?

ಉತ್ತರ 1:
ಒಳ್ಳೆ ಉದಾಹರಣೆ ಹಿಡಿದಿದ್ದೀರಿ. ಆ ಸಂಖ್ಯೆ ಮ್ಯಾಗ್ನಿಟ್ಯೂಡ್. ನೆಲದಡಿ ಬಂಡೆ ಎಷ್ಟು ಉದ್ದಗಲಕ್ಕೆ ಬಿರಿಯಿತು, ಎಷ್ಟು ಜಾರಿತು ಅನ್ನುವುದರ ಲೆಕ್ಕ ಅದು. ಒಂದು ಭೂಕಂಪಕ್ಕೆ ಒಂದೇ ಮ್ಯಾಗ್ನಿಟ್ಯೂಡ್, ನೀವು ಎಲ್ಲೇ ನಿಂತಿರಿ. ಟಿವಿಯವರು ಈಗಲೂ ರಿಕ್ಟರ್ ಅನ್ನುತ್ತಾರೆ, ಆದರೆ ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಅಂತ ಮಾಡಿದ ಅಳತೆ ಭಾರಿ ಭೂಕಂಪ ಬಂದಾಗ ಏರದೆ ನಿಂತುಬಿಡುತ್ತಿತ್ತು, ಅದಕ್ಕೇ 1979ರಿಂದ ಮೊಮೆಂಟ್ ಮ್ಯಾಗ್ನಿಟ್ಯೂಡ್ ಅನ್ನುವ ಹೊಸ ಅಳತೆ ಬಂತು, ಮೇಲೆ ಹೇಳಿದ ಬಿರಿತ-ಜಾರಿಕೆಯ ಲೆಕ್ಕ ಅದೇ. ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು. ನೀವು ಹೇಳಿದ 7.1ರಲ್ಲಿ 6.2ಕ್ಕಿಂತ ಹೆಚ್ಚುಕಮ್ಮಿ 22 ಪಟ್ಟು ಶಕ್ತಿ ಇತ್ತು.

ಆದರೆ 7.1ರದ್ದು ನಗರದಿಂದ ಸುಮಾರು 40 ಕಿ.ಮೀ. ದೂರ, ಬೆಳಗಿನ ಜಾವ, ಬೀದಿಗಳು ಖಾಲಿ. 6.2ರದ್ದು ನಗರದ ಮಗ್ಗುಲಲ್ಲೇ, ಬರೀ 5 ಕಿ.ಮೀ. ಆಳದಲ್ಲಿ, ಅದೂ ಮಧ್ಯಾಹ್ನ. ಹೀತ್‌ಕೋಟ್ ಕಣಿವೆಯ ಉಪಕರಣದಲ್ಲಿ ಮೇಲೆ-ಕೆಳಗಿನ ಅಲುಗಾಟ ಗುರುತ್ವದ 2.2 ಪಟ್ಟು ದಾಖಲಾಯಿತು. ಒಂದು ಜಾಗದಲ್ಲಿ ಎಷ್ಟು ನಡುಗಿತು ಅನ್ನುವುದು ಬೇರೆಯೇ ಅಳತೆ, ಇಂಟೆನ್ಸಿಟಿ. ಮರ್ಕಾಲಿ ಮಾಪಕದಲ್ಲಿ 1ರಿಂದ 12ರವರೆಗೆ. ಅದು ಊರಿಂದ ಊರಿಗೆ, ಕೆಲವೊಮ್ಮೆ ಬೀದಿಯಿಂದ ಬೀದಿಗೆ ಬದಲಾಗುತ್ತದೆ.

ಉತ್ತರ 2:
ಮೇಲಿನವರು ಮಣ್ಣಿನ ಮಾತು ಬಿಟ್ಟರು, ನನ್ನ ಪ್ರಕಾರ ಅರ್ಧ ಕಥೆ ಅಲ್ಲೇ ಇದೆ. ಕ್ರೈಸ್ಟ್‌ಚರ್ಚ್‌ನ ಪೂರ್ವದ ಬಡಾವಣೆಗಳಲ್ಲಿ ನೀರು ತುಂಬಿದ ಸಡಿಲ ಮರಳು ನಡುಗಿ ನಡುಗಿ ದ್ರವದಂತಾಯಿತು. ಅಂಗಳದ ಬಿರುಕುಗಳಿಂದ ಬೂದುಬಣ್ಣದ ಕೆಸರು ಉಕ್ಕಿ ಬಂತು, ಮನೆಗಳು ಒಂದು ಕಡೆ ವಾಲಿದವು. 1985ರ ಮೆಕ್ಸಿಕೋ ಇನ್ನೂ ವಿಚಿತ್ರ. ಭೂಕಂಪದ ಮೂಲ 350 ಕಿ.ಮೀ.ಗೂ ದೂರ, ಆದರೂ ಮೆಕ್ಸಿಕೋ ಸಿಟಿಯಲ್ಲಿ ಸಾವಿರಾರು ಜನ ಸತ್ತರು. ಊರಿನ ನಡುಭಾಗ ಇರುವುದೇ ಹಳೆಯ ಕೆರೆಯ ಮೆತ್ತನೆ ಜೇಡಿಮಣ್ಣಿನ ಮೇಲೆ. ಆ ಮಣ್ಣು ಸುಮಾರು 2 ಸೆಕೆಂಡಿಗೊಮ್ಮೆ ತೂಗುವ ಅಲೆಗಳನ್ನು ಹಿಗ್ಗಿಸಿತು, ಅದೇ ಲಯಕ್ಕೆ ಓಲಾಡುವ ಮಧ್ಯಮ ಎತ್ತರದ ಕಟ್ಟಡಗಳೇ ಜಾಸ್ತಿ ಬಿದ್ದವು. ಗಟ್ಟಿ ನೆಲದ ಭಾಗಗಳಲ್ಲಿ ಅಷ್ಟು ಹಾನಿ ಆಗಲಿಲ್ಲ.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು, ಥ್ಯಾಂಕ್ಸ್. ಹಾಗಾದರೆ ಎಲ್ಲಿ ಎಷ್ಟು ಜೋರಾಗಿ ನೆಲ ನಡುಗಬಹುದು ಅಂತ ತೋರಿಸುವ ಅಪಾಯದ ನಕ್ಷೆ ನೋಡಿದರೆ ಸಾಕಾ? ಅದರಲ್ಲಿ 475 ವರ್ಷ ಅಂತ ಇರುತ್ತದಲ್ಲ, ಅಂದರೆ ಒಮ್ಮೆ ಆದರೆ ಮತ್ತೆ 475 ವರ್ಷ ಚಿಂತೆ ಇಲ್ಲ ಅಂತಲಾ?

ಉತ್ತರ 2:
ಖಂಡಿತ ಅಲ್ಲ, ದಯವಿಟ್ಟು ಹಾಗೆ ಓದಬೇಡಿ. ನಕ್ಷೆಯಲ್ಲಿ ತೋರಿಸಿದ ಮಟ್ಟವನ್ನು ಮೀರಿದ ನಡುಕ 50 ವರ್ಷದಲ್ಲಿ ಬರುವ ಸಾಧ್ಯತೆ ಶೇ. 10 ಅಂತ ಅದರ ಅರ್ಥ. ನಾಳೆಯೂ ಬರಬಹುದು. ಇನ್ನೊಂದು, ಇಂಥ ನಕ್ಷೆಗಳನ್ನು ಸಾಮಾನ್ಯವಾಗಿ ಕಲ್ಲು ಅಥವಾ ಗಟ್ಟಿ ನೆಲ ಅಂದುಕೊಂಡೇ ಮಾಡಿರುತ್ತಾರೆ. ನಿಮ್ಮ ಜಾಗದ್ದು ತಿಳಿಯಬೇಕು ಅಂದರೆ ಬೋರ್ ಹಾಕಿಸಿ ಮಣ್ಣಿನ ಪರೀಕ್ಷೆ ಮಾಡಿಸಬೇಕು. ವರದಿ ಕೈಗೆ ಬಂದಾಗ ಎರಡು ವಿಷಯ ಮೊದಲು ನೋಡಿ: ಮೇಲಿನ 30 ಮೀಟರ್ ಎಷ್ಟು ಗಟ್ಟಿ ಇದೆ, ನೀರು ಎಷ್ಟು ಆಳದಲ್ಲಿ ಸಿಗುತ್ತದೆ. ಕೆರೆ ಮುಚ್ಚಿದ ಜಾಗ, ಮಣ್ಣು ತುಂಬಿಸಿದ ಜಾಗ ಆದರೆ ಇನ್ನೂ ಹುಷಾರು.

ಉತ್ತರ 1:
ಕಲ್ಲಿನ ಮೇಲಿದ್ದೇವೆ ಅಂತ ಸುಮ್ನೆ ಕೂರಬೇಡಿ ಅಂತಲೂ ಸೇರಿಸುತ್ತೇನೆ. ಕೆಳಗಡೆ ಬರೀ ಕಂಬ ನಿಲ್ಲಿಸಿ ಪಾರ್ಕಿಂಗ್ ಬಿಟ್ಟ ಕಟ್ಟಡ ಆದರೆ ಮೇಲಿನ ಗೋಡೆಗಳ ಗಟ್ಟಿತನ ಕೆಳಗೆ ಇರುವುದಿಲ್ಲ, ಪೆಟ್ಟೆಲ್ಲಾ ಆ ಕಂಬಗಳಿಗೇ ಬೀಳುತ್ತದೆ. ಕಂಬದ ತುದಿಗಳಲ್ಲಿ ಉದ್ದದ ಕಬ್ಬಿಣದ ಸರಳುಗಳನ್ನು ಸುತ್ತುವ ರಿಂಗ್‌ಗಳನ್ನು ಒತ್ತೊತ್ತಾಗಿ ಕಟ್ಟಿದ್ದಾರಾ, ಅವುಗಳ ಕೊಕ್ಕೆ ಒಳಕ್ಕೆ ಬಗ್ಗಿಸಿದ್ದಾರಾ ಅಂತ ಕಾಂಕ್ರೀಟ್ ಹಾಕುವ ಮೊದಲೇ ಇಂಜಿನಿಯರ್ ಕೈಲಿ ನೋಡಿಸಿ. ಆಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ.