ದಡಾರ ಬಂದವರಲ್ಲಿ ಅರ್ಧದಷ್ಟು ಮಕ್ಕಳು ಲಸಿಕೆ ಪಡೆದವರೇ. ಲಸಿಕೆ ಸೋತಿತೇ?

ಪ್ರಶ್ನೆ: ಉದಾಹರಣೆಗೆ 40 ಪ್ರಕರಣಗಳಲ್ಲಿ 20 ಮಕ್ಕಳಿಗೆ ಲಸಿಕೆ ಆಗಿದೆ, ಊರಿನ ಲಸಿಕಾ ವ್ಯಾಪ್ತಿ 90%. ಇದನ್ನು ಹೇಗೆ ಓದಬೇಕು?

ಉತ್ತರ 1: ಸೋತಿಲ್ಲ. ಪ್ರಕರಣಗಳಲ್ಲಿ ಪಡೆದವರು–ಪಡೆಯದವರು 20:20, ಅಂದರೆ 1. ಊರಿನಲ್ಲಿ 90:10, ಅಂದರೆ 9. 1÷9 = 0.11, ಅದನ್ನು 1ರಿಂದ ಕಳೆದರೆ ಪರಿಣಾಮ ಸುಮಾರು 89%.

ಉತ್ತರ 2: ಲೆಕ್ಕ ಸರಿ, ಆದರೆ ವ್ಯಾಪ್ತಿಯ ಅಂಕಿಯೇ ಇಲ್ಲಿ ಅಪಾಯದ ಜಾಗ. ನಿಜವಾದ ವ್ಯಾಪ್ತಿ 80% ಇದ್ದರೆ ಉತ್ತರ 75%ಕ್ಕೆ ಇಳಿಯುತ್ತದೆ! ವರದಿಯ ಅಂಕಿ ನಂಬಬೇಡಿ. ಮನೆಮನೆಗೆ ಹೋಗಿ ತಾಯಿ ಕಾರ್ಡ್ ನೋಡಿ. ಮೊದಲ ಡೋಸ್ 9 ತಿಂಗಳಿಗೆ, ಆದ್ದರಿಂದ ಅದಕ್ಕಿಂತ ಚಿಕ್ಕ ಶಿಶುಗಳನ್ನು ಪ್ರಕರಣಗಳ ಲೆಕ್ಕ, ಊರಿನ ವ್ಯಾಪ್ತಿಯ ಲೆಕ್ಕ ಎರಡರಿಂದಲೂ ಬಿಡಿ.

ಉತ್ತರ 3: ಬಂದದ್ದು ದಡಾರವೇ ಎಂದೂ ಖಚಿತಪಡಿಸಿಕೊಳ್ಳಿ. ದದ್ದು ಎದ್ದ ಮೊದಲ 3 ದಿನ ಐಜಿಎಂ (ಹೊಸ ಸೋಂಕಿಗೆ ದೇಹ ಮೊದಲು ಹುಟ್ಟಿಸುವ ಪ್ರತಿಕಾಯ) ರಕ್ತಪರೀಕ್ಷೆ ನೆಗೆಟಿವ್ ಬರಬಹುದು. ಇತ್ತೀಚೆಗೆ ಲಸಿಕೆ ಪಡೆದ ಮಗುವಿನಲ್ಲಿ ಲಸಿಕೆಯಿಂದಲೇ ಪಾಸಿಟಿವ್ ಬರಬಹುದು. ಗಂಟಲ ದ್ರವದಲ್ಲಿ ಸಿಕ್ಕ ವೈರಸ್‌ನ ಜೀನೋಟೈಪ್ (ವಂಶವಾಹಿ ಬಗೆ) 'ಎ' ಆದರೆ ಅದು ಲಸಿಕೆಯ ವೈರಸ್.