ಅಜ್ಜಿಯ ಫೋಟೋ ಬಣ್ಣ ಹೋಗದ ಹಾಗೆ ಪ್ರಿಂಟ್ ಮಾಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕುಂದಾಪುರದ ಮಗಳು:
ಅಜ್ಜಿಯದು ಅಂತ ನಮ್ಮಲ್ಲಿ ಇರುವುದು ಒಂದೇ ಕಲರ್ ಫೋಟೋ. 2022ರಲ್ಲಿ ಸ್ಕ್ಯಾನ್ ಮಾಡಿಸಿ, 12×18 ಇಂಕ್‌ಜೆಟ್ ಪ್ರಿಂಟ್ ತೆಗೆಸಿ, ಫ್ರೇಮ್ ಹಾಕಿಸಿ ಜಗಲಿಯಲ್ಲಿ ಇಟ್ಟೆವು. ಈಗ ಹಸಿರು ಸೀರೆ ಹಳದಿಯಾಗಿದೆ, ಮುಖ ಕಿತ್ತಳೆ. ಫೈಲ್ ನನ್ನ ಹತ್ತಿರ ಇದೆ. ಮತ್ತೆ ಮಾಡಿಸಬೇಕು, ಅಮ್ಮ ಇರುವವರೆಗಾದರೂ ಅದು ಹಾಗೇ ಇರಬೇಕು. ಯಾವ ಇಂಕ್, ಯಾವ ಪೇಪರ್ ಅಂತ ಕೇಳಲಿ? ಮೂರು ಸಾವಿರದವರೆಗೆ ಖರ್ಚು ಮಾಡಬಹುದು.

ಶಿರಸಿ ಸ್ಟುಡಿಯೋ:
ಅಕ್ಕ, ನೀಲಿ ಹೋಗಿದೆ. ಹಸಿರಲ್ಲಿ ನೀಲಿ ಹೋದರೆ ಉಳಿಯುವುದು ಹಳದಿಯೇ. ನನಗೆ ಇದು ಬಾಯಿಪಾಠ. 2018ರಲ್ಲಿ 18,500 ಕೊಟ್ಟು ಆರು ಬಣ್ಣದ ಟ್ಯಾಂಕ್ ಪ್ರಿಂಟರ್ ತಂದೆ. ಆಗ ಕಂಪನಿ ಇಂಕ್ 70 ಎಂಎಲ್ ಬಾಟಲಿಗೆ 550. ಬೇರೆಯವರು ಮಾಡುವ ಕಂಪಾಟಿಬಲ್ ಇಂಕ್ 100 ಎಂಎಲ್‌ಗೆ 150. ಎರಡು ಸೆಟ್ ಕಂಪಾಟಿಬಲ್ ಹಾಕಿ 4,800 ಉಳಿಸಿದೆ. ಆ ಸೀಸನ್ನಿನಲ್ಲಿ 41 ಮದುವೆ ಫ್ರೇಮ್ ಕೊಟ್ಟಿದ್ದೆ. ಹದಿನಾಲ್ಕು ತಿಂಗಳಿಗೆ ಮೊದಲನೆಯದು ವಾಪಸ್ ಬಂತು, ಆಮೇಲೆ ಒಂದರ ಹಿಂದೆ ಒಂದು, ಒಟ್ಟು 23. ಮೊಳೆ ಬಿಚ್ಚಿ, ಹಿಂದಿನ ಹಲಗೆ ತೆಗೆದು, ಹೊಸ ಪ್ರಿಂಟ್, ಲ್ಯಾಮಿನೇಷನ್, ಮತ್ತೆ ಫ್ರೇಮ್. ಒಂದಕ್ಕೆ 340. ಅಂದರೆ 7,820 ಕೈಯಿಂದ ಹೋಯಿತು. ಎರಡು ಮನೆಯವರು ಇವತ್ತಿಗೂ ನನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಈಗ ಕಂಪನಿ ಇಂಕ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಬಿಳಿಹಾಳೆ:
ಕಂಪನಿಯದಾದರೂ ಡೈ ಇಂಕ್ ಡೈ ಇಂಕೇ. ಗೋಡೆಗೆ ಹಾಕುವುದಾದರೆ ಪಿಗ್ಮೆಂಟ್ ಮಾಡಿಸಿ. ಡೈ ನೀರಲ್ಲಿ ಕರಗಿದ ಬಣ್ಣ, ಪಿಗ್ಮೆಂಟ್ ಸಣ್ಣ ಕಣ. ಅದನ್ನು ಗಾಳಿ, ಬೆಳಕು ಬೇಗ ಒಡೆಯುವುದಿಲ್ಲ. 2021ರಲ್ಲಿ ಹತ್ತು ಕಾರ್ಟ್ರಿಜ್‌ನ ಎ3+ ಪ್ರಿಂಟರ್ ತೆಗೆದುಕೊಂಡೆ, ಒಂದೊಂದರಲ್ಲಿ ಇರುವುದು 14.4 ಎಂಎಲ್ ಇಂಕ್. ಮಳೆಗಾಲದಲ್ಲಿ ಐದು ವಾರ ಊರಿಗೆ ಹೋಗಿ ಬಂದರೆ ಇಂಕ್ ಬರುವ ನಾಝಲ್ ಕಟ್ಟಿತ್ತು. ಐದು ಸಲ ಹೆಡ್ ಕ್ಲೀನಿಂಗ್ ಕೊಟ್ಟೆ, ಒಂದೂ ಪ್ರಿಂಟ್ ತೆಗೆಯದೆ ಮೂರು ಕಾರ್ಟ್ರಿಜ್ ಖಾಲಿ. ಅಳು ಬಂತು. ಆದರೂ ಬಿಡಲಿಲ್ಲ. ಮಗಳ ಒಂದು ಫೋಟೋವನ್ನು 308 ಜಿಎಸ್ಎಂ ಕಾಟನ್ ಪೇಪರಿನಲ್ಲಿ ಎರಡು ಪ್ರತಿ ತೆಗೆದೆ, ಒಂದು ಗೋಡೆಗೆ, ಒಂದು ಕಪಾಟಿನ ಕತ್ತಲೆಗೆ. ಪ್ರತಿ ಯುಗಾದಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಇನ್ನೂ ಒಂದೇ ಥರ ಇವೆ. ಒಂದು ಮಾತು, ಹೊಳೆಯುವ ಬಿಳಿ ಪೇಪರ್ ಬೇಡ. ಆ ಬಿಳುಪು ಬ್ರೈಟ್ನರ್‌ನಿಂದ ಬಂದದ್ದು, ಬಟ್ಟೆ ಸೋಪಿನಲ್ಲಿ ಹಾಕುವಂಥದ್ದೇ. ಅದು ಸತ್ತರೆ ಪೇಪರ್ ಹಳದಿ.

ಶಿರಸಿ ಸ್ಟುಡಿಯೋ:
ಸರ್, ನಮ್ಮೂರಲ್ಲಿ ಒಂದು ಪಿಗ್ಮೆಂಟ್ ಪ್ರಿಂಟಿಗೆ ಸಾವಿರದ ಇನ್ನೂರು ಯಾರು ಕೊಡ್ತಾರೆ? ಹವ್ಯಾಸಕ್ಕೆ ಮಾಡುವವರಿಗೂ ಅಂಗಡಿ ಇಟ್ಟವರಿಗೂ ಲೆಕ್ಕ ಬೇರೆ.

ಹಳೇ ಲ್ಯಾಬ್:
ಇಬ್ಬರೂ ಜನರ ದಾರಿ ತಪ್ಪಿಸುತ್ತಿದ್ದೀರಿ. ಹುಬ್ಬಳ್ಳಿಯಲ್ಲಿ ಇಪ್ಪತ್ತೇಳು ವರ್ಷ ಫೋಟೋ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ. ಲ್ಯಾಬ್ ಪ್ರಿಂಟಿನಲ್ಲಿ ಬಣ್ಣವನ್ನು ಮೇಲಿಂದ ಸಿಂಪಡಿಸುವುದಿಲ್ಲ, ಅದು ಪೇಪರಿನ ಮೇಲಿರುವ ಜೆಲಾಟಿನ್ ಪದರದ ಒಳಗೇ ಹುಟ್ಟುತ್ತದೆ. ನೀರು ಬಿದ್ದರೂ ಇಂಕ್ ಹರಡುವ ಮಾತಿಲ್ಲ. 12×18ಕ್ಕೆ ನೂರು, ನೂರೈವತ್ತು ರೂಪಾಯಿ. ನನ್ನ ಮಗನ ನಾಮಕರಣದ್ದು 1998ರ ಪ್ರಿಂಟ್, ಹಾಲ್‌ನಲ್ಲೇ ಇದೆ, ಬಂದು ನೋಡಿ.

ಬಿಳಿಹಾಳೆ:
1970ರ ದಶಕದ ಲ್ಯಾಬ್ ಪ್ರಿಂಟ್‌ಗಳನ್ನೂ ತೆಗೆದು ನೋಡಿ ಸರ್. ಆಲ್ಬಮ್ ಒಳಗೆ ಕತ್ತಲಲ್ಲೇ ಕೆಂಪಾಗಿ ಕೂತಿವೆ. ನಮ್ಮ ಅಪ್ಪ ಅಮ್ಮನ ಮದುವೆ ಫೋಟೋ ಅಂಥದ್ದೇ.

ಹಳೇ ಲ್ಯಾಬ್:
ಆ ಕಾಲದ ಪೇಪರ್ ಬೇರೆ, ಈಗಿನದು ಬೇರೆ. ಐವತ್ತು ವರ್ಷದ ಹಿಂದಿನದನ್ನು ಹಿಡಿದು ಮಾತಾಡಬೇಡಿ. ನಿಮ್ಮ ಪ್ರಿಂಟರ್ ಬಂದು ಎಷ್ಟು ವರ್ಷ ಆಯಿತು? ಅಷ್ಟರಲ್ಲೇ ನೂರು ವರ್ಷ ಉಳಿಯುತ್ತದೆ ಅನ್ನುವ ಹಾಗೆ ಮಾತು!

ಫ್ರೀಮಾಂಟ್ ಕನ್ನಡಿಗ:
ಬಣ್ಣ ಇಷ್ಟು ವರ್ಷ ಉಳಿಯುತ್ತದೆ ಅಂತ ಬಾಕ್ಸ್ ಮೇಲೆ ಬರೆದದ್ದನ್ನು ನಂಬಿ ಕೆಟ್ಟವನು ನಾನು. 2000ದಲ್ಲಿ ಇಲ್ಲಿ ಅಮೆರಿಕದಲ್ಲಿ ಆರು ಬಣ್ಣದ ಪ್ರಿಂಟರ್ ತೆಗೆದುಕೊಂಡು, ಅಮ್ಮನಿಗೆ ಅಂತ ಮೂವತ್ತು ಫೋಟೋ ಪ್ರಿಂಟ್ ಮಾಡಿ ಅಡುಗೆಮನೆ ಗೋಡೆಗೆ ಅಂಟಿಸಿದೆ. ಆರು ವಾರಕ್ಕೆ ಎಲ್ಲ ಕಿತ್ತಳೆ. ಬಿಸಿಲೇ ಬೀಳದ ಗೋಡೆ ಅದು! ಆಮೇಲೆ ಗೊತ್ತಾಯಿತು, ಗಾಳಿಯಲ್ಲಿರುವ ಓಝೋನ್ ನೀಲಿಯನ್ನು ತಿನ್ನುತ್ತದೆ ಅಂತ. ಮೇಲೆ ಸಣ್ಣ ರಂಧ್ರಗಳಿರುವ, ಇಂಕ್ ತಕ್ಷಣ ಒಣಗುವ ಪೇಪರ್ ಆದರೆ ಇನ್ನೂ ಬೇಗ. ಬೇರೆಯಾಗಿ ಗಾಜಿನ ಹಿಂದೆ ಇಟ್ಟಿದ್ದ ಎರಡಕ್ಕೆ ಏನೂ ಆಗಿರಲಿಲ್ಲ. ಇನ್ನು ವರ್ಷದ ಲೆಕ್ಕ ಕೇಳಿ. ಪ್ರಿಂಟ್ ಎಷ್ಟು ವರ್ಷ ಬಾಳುತ್ತದೆ ಅಂತ ಪರೀಕ್ಷಿಸುವ ಹೆನ್ರಿ ವಿಲ್ಹೆಲ್ಮ್ ಅವರ ಟೆಸ್ಟ್ ಲೆಕ್ಕ ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು, 24 ಡಿಗ್ರಿ, ಶೇಕಡ 60 ತೇವ. ಕೊಡಾಕ್ 120 ಲಕ್ಸ್ ಹಿಡಿಯುತ್ತಿತ್ತು. ಪ್ರಿಂಟ್ ಅದೇ, ವರ್ಷ ಮಾತ್ರ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಕಡಲತಡಿ:
ಶೇಕಡ 60 ತೇವ ಅಂತೆ! ಆಷಾಢದಲ್ಲಿ ಕರಾವಳಿಗೆ ಬಂದು ನೋಡಲಿ. ಅಪ್ಪನ ಫೋಟೋ ಗಾಜಿಗೆ ಅಂಟಿಕೊಂಡು, ಬಿಡಿಸಲು ಹೋದಾಗ ಹಣೆ ಹರಿದು ಬಂತು. ಅದಕ್ಕೇ ನಡುವೆ ಮೌಂಟ್ ಬೋರ್ಡ್ ಇಡಬೇಕು, ಗಾಜು ಫೋಟೋಗೆ ತಾಗಬಾರದು. ಎರಡನೆಯದನ್ನು ದೇವರ ಕೋಣೆಯಲ್ಲಿ ಇಟ್ಟೆ, ದೀಪದ ಮಸಿ, ಊದುಬತ್ತಿ ಹೊಗೆಗೆ ಅದೂ ಮಂಕಾಯಿತು.

ಹಳೇ ಲ್ಯಾಬ್:
ತೀರಿಕೊಂಡವರ ಫೋಟೋ ದೇವರ ಕೋಣೆಯಲ್ಲಿ ಇಡುವುದೇ ತಪ್ಪು. ದಕ್ಷಿಣದ ಗೋಡೆಗೆ ಹಾಕಬೇಕು.

ಕಡಲತಡಿ:
ನಮ್ಮಪ್ಪನನ್ನು ಎಲ್ಲಿಡಬೇಕು ಅಂತ ನೀವು ಹೇಳಬೇಡಿ. ಪ್ರಿಂಟಿನ ವಿಷಯ ಇದ್ದರೆ ಹೇಳಿ.

ಬಿಳಿಹಾಳೆ:
ಅವರಿಗೆ ಎಲ್ಲದರಲ್ಲೂ ಹಳೇದೇ ಸರಿ.

ಹಳೇ ಲ್ಯಾಬ್:
ಹೌದು, ಹಳೇದು ಉಳಿದಿದೆ, ಅದಕ್ಕೇ ಸರಿ.

ಕುಂದಾಪುರದ ಮಗಳು:
ದಯವಿಟ್ಟು ಜಗಳ ಬೇಡ. ದೇವರ ಕೋಣೆ ಅಲ್ಲ, ಜಗಲಿ. ಪಡುವಣ ಗೋಡೆ ಅರ್ಧದವರೆಗೆ ಮಾತ್ರ ಇದೆ, ಸಂಜೆ ನಾಲ್ಕರ ಮೇಲೆ ಫೋಟೋ ಮೇಲೆ ಬಿಸಿಲು ಬರುತ್ತದೆ. ಗಾಜು ಹಾಕಿಸಿರಲಿಲ್ಲ, ಲ್ಯಾಮಿನೇಷನ್ ಸಾಕು ಅಂದಿದ್ದರು.

ಶಿರಸಿ ಸ್ಟುಡಿಯೋ:
ಅಯ್ಯೋ ಅಕ್ಕ, ಬಿಸಿಲು ಬೀಳುತ್ತಾ? ಹಾಗಾದರೆ ಯಾರ ಇಂಕೂ ತಡೆಯುವುದಿಲ್ಲ. ಮೊದಲು ಒಳಗಿನ ಗೋಡೆಗೆ ಮೊಳೆ ಹೊಡೆಸಿ. ಬಿಳಿಹಾಳೆ ಸರ್ ಹೇಳಿದ ಹಾಗೆ ಪಿಗ್ಮೆಂಟ್ ಮಾಡಿಸಿ, ಮೌಂಟ್, ಗಾಜು ಹಾಕಿಸಿ. ಮೂರು ಸಾವಿರದೊಳಗೆ ಆಗುತ್ತದೆ. ಎರಡು ಪ್ರತಿ ತೆಗೆಸಿ, ಒಂದನ್ನು ಕಪಾಟಿನಲ್ಲಿಡಿ.